ಹಾರವೊಂದೇ ಬಾಕಿ

ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಹಾಲಸಿದ್ದಪ್ಪನ ಪೆನ್ಸಿಲಿಗೆ ಸಿಕ್ಕಿ ಸತ್ತವರು ಬಹಳ ಮಂದಿ. ಅವರಲ್ಲಿ ಯಾರೂ ನಿಜವಾಗಿ ಸತ್ತಿರಲಿಲ್ಲ. ಎಲ್ಲರೂ ದಿನಾ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು, ಶನಿವಾರ ಖಾಲಿ ಬಾಟಲಿಗಳನ್ನು ಅಂಗಡಿಗೆ ಹಿಂತಿರುಗಿಸುತ್ತಿದ್ದರು. ಆದರೆ ಅವನ ಸ್ಕೆಚ್‌ಬುಕ್ಕಿನಲ್ಲಿ ಮಾತ್ರ ಒಬ್ಬೊಬ್ಬರೂ ನೆಟ್ಟಗೆ ಮುಂದೆ ನೋಡುತ್ತ, ಬಾಯಿ ಮುಚ್ಚಿಕೊಂಡು, ಈ ಲೋಕದ ವ್ಯವಹಾರ ಮುಗಿಯಿತೆಂಬಂತೆ ಕುಳಿತಿರುತ್ತಿದ್ದರು. ಪುಟ ತಿರುಗಿಸಿದವರು ಊದುಬತ್ತಿ ಎಲ್ಲಿದೆ ಎಂದು ಅತ್ತಿತ್ತ ನೋಡುವ ಹಾಗಾಗುತ್ತಿತ್ತು.

ಹಾಲಸಿದ್ದಪ್ಪ ಬಾಗಲಕೋಟೆ ಕಡೆಯವನು, ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಎಂಜಿನಿಯರ್. ಐವತ್ತೈದು ದಾಟಿದ ಮೇಲೆ ಡಾಕ್ಟರು ಅವನ ರಕ್ತದೊತ್ತಡ ನೋಡಿ, ಏನಾದರೊಂದು ಹವ್ಯಾಸ ಹಿಡಿಯಿರಿ ಅಂದರು. ಇಂಥ ಮಾತು ಕೇಳಿದ ಜರ್ಮನರು ಜೇನು ಸಾಕುತ್ತಾರೆ, ಇಲ್ಲವೇ ಗುಡ್ಡ ಹತ್ತುತ್ತಾರೆ. ಹಾಲಸಿದ್ದಪ್ಪನಿಗೆ ಜೇನು ಕಂಡರೆ ಭಯ, ಗುಡ್ಡ ಕಂಡರೆ ಬೇಸರ. ಅವನು ಒಂದು ಸ್ಕೆಚ್‌ಬುಕ್ಕನ್ನೂ ಒಂದು ಡಬ್ಬಿ ಪೆನ್ಸಿಲನ್ನೂ ಕೊಂಡು ತಂದ.

ಮುಖ ಬರೆಯಲು ಮುಖ ಬೇಕಲ್ಲ. ಮನೆಯಲ್ಲಿ ಹೆಂಡತಿ ಶ್ರೀದೇವಿ ಕೂರುವುದಿಲ್ಲ ಅಂದಳು. ಮಗಳು ಭೂಮಿಕಾ ಕೋಣೆಯ ಬಾಗಿಲು ಹಾಕಿಕೊಂಡಳು. ಆಗ ಅವನಿಗೊಂದು ಉಪಾಯ ಹೊಳೆಯಿತು. ವೀಸಾ ನವೀಕರಿಸಿದ ಪ್ರತಿಯೊಬ್ಬ ಭಾರತೀಯನ ಮನೆಯಲ್ಲಿ ಒಂದೆರಡು ಬಯೋಮೆಟ್ರಿಕ್ ಫೋಟೋ ಮಿಕ್ಕೇ ಇರುತ್ತವೆ. ಎಸೆಯಲು ಮನಸ್ಸು ಬಾರದೆ, ಇಡಲು ಜಾಗ ತಿಳಿಯದೆ ಅವು ಡ್ರಾಯರಿನಲ್ಲಿ ಬಿದ್ದಿರುತ್ತವೆ. ಹಾಲಸಿದ್ದಪ್ಪ ಅವನ್ನೆಲ್ಲ ಬೇಡಿ ತಂದ. ತಲೆ ನೆಟ್ಟಗೆ, ಬಾಯಿ ಮುಚ್ಚಿ, ನಗು ನಿಷೇಧ. ಅಳತೆಗೆ ಇದಕ್ಕಿಂತ ಒಳ್ಳೆಯ ಮುಖ ಯಾವುದು? ಫೋಟೋದ ಮೇಲೆ ಸಣ್ಣ ಸಣ್ಣ ಚೌಕ ಎಳೆದು, ಹಾಳೆಯ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದು ಚೌಕವನ್ನೂ ನಕಲು ಮಾಡಿದ. ಕಿವಿ ಕಿವಿಯ ಜಾಗದಲ್ಲೇ ಬಂತು, ಮೂಗು ಮೂಗಿನ ಜಾಗದಲ್ಲೇ ಬಂತು. ಜೀವ ಒಂದನ್ನು ಬಿಟ್ಟು ಎಲ್ಲವೂ ಬಂತು.

ಇದು ಊರಿಗೆಲ್ಲ ಗೊತ್ತಾದದ್ದು ರಾಮಸ್ವಾಮಿಯವರಿಂದ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಮೈಸೂರಿನ ತಿರುಮಲೇಶ, ಹಾಲಸಿದ್ದಪ್ಪನ ಹಳೆಯ ಗೆಳೆಯ. ರಾಮಸ್ವಾಮಿ ಅವನ ತಂದೆ. ಎಂಬತ್ತರ ಹತ್ತಿರದ ವಯಸ್ಸು, ಮೂರು ಹೊತ್ತು ಊಟ, ನಡುವೆ ಬೇಕರಿಯ ಬ್ರೆಟ್ಸೆಲ್ ಎಂಬ ಉಪ್ಪಿನ ಬ್ರೆಡ್ಡು. ಅವರ ಹುಟ್ಟುಹಬ್ಬಕ್ಕೆ ಹಾಲಸಿದ್ದಪ್ಪ ಅವರ ವೀಸಾ ಫೋಟೋ ನೋಡಿ ಚಿತ್ರ ಬರೆದು, ಕಪ್ಪು ಕಟ್ಟು ಹಾಕಿಸಿ ಕೊಟ್ಟ. ತಿರುಮಲೇಶ ಸಂಕೋಚಕ್ಕೆ ಅದನ್ನು ಹಾಲಿನಲ್ಲಿ ನೇತುಹಾಕಿದ. ದುರದೃಷ್ಟಕ್ಕೆ ಅದರ ಕೆಳಗೆ ಒಂದು ಹಿತ್ತಾಳೆಯ ದೀಪದ ಕಂಬವಿತ್ತು.

ಮುಂದಿನ ವಾರ ಅಲ್ಲಿ ಊಟ. ಹಾಲಸಿದ್ದಪ್ಪ, ಶ್ರೀದೇವಿ ಇಬ್ಬರೂ ಹೋಗಿದ್ದರು. ಸುಮನ್ ಎಂಬ ಹೊಸ ವಿದ್ಯಾರ್ಥಿಯೂ ಬಂದಿದ್ದ. ಅವನು ಒಳಗೆ ಬಂದವನೇ ಚಿತ್ರ ನೋಡಿ ಟೊಪ್ಪಿಗೆ ತೆಗೆದ, ಕೈ ಮುಗಿದ, ದೊಡ್ಡವರು ತೀರಿಕೊಂಡು ಎಷ್ಟು ದಿನವಾಯಿತೆಂದು ತಿರುಮಲೇಶನನ್ನು ಮೆಲ್ಲಗೆ ಕೇಳಿದ. ತಿರುಮಲೇಶ ಬಾಯಿ ತೆರೆಯುವುದರೊಳಗೆ ರಾಮಸ್ವಾಮಿ ಬಾತ್‌ರೂಮಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಬಂದು ಹುಡುಗನ ಪಕ್ಕದಲ್ಲಿ ನಿಂತು, ತಲೆ ಎತ್ತಿ ಚಿತ್ರ ನೋಡಿ, ತಾವೂ ಕೈ ಮುಗಿದರು.

"ತುಂಬಾ ಒಳ್ಳೇ ಮನುಷ್ಯ ಕಣಪ್ಪ," ಅಂದರು. "ಏನ್ ಮಾಡೋಕಾಗತ್ತೆ."

ಸುಮನ್ ಚಿತ್ರ ನೋಡಿದ, ಅವರನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಅವತ್ತು ಅವನು ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ.

ಮನೆಗೆ ವಾಪಸು ಬರುವಾಗ ಶ್ರೀದೇವಿ ದಾರಿಯುದ್ದಕ್ಕೂ ನಕ್ಕಳು. ಸಿಗ್ನಲ್ಲಿನಲ್ಲಿ ಹಸಿರು ಬಂದು ಹೋಯಿತು, ಅವಳು ಕಂಬ ಹಿಡಿದುಕೊಂಡು ನಗುತ್ತಲೇ ಇದ್ದಳು. ಪೆಟ್ಟು ತಿಂದ ಹಾಲಸಿದ್ದಪ್ಪ, ಫೋಟೋ ನೋಡಿ ಬರೆದರೆ ಹಾಗೇ ಆಗುವುದು, ನೀನು ಎದುರಿಗೆ ಕೂತರೆ ಬೇರೆಯೇ ಬರುತ್ತದೆ ಅಂದ. ನಗು ನಿಂತಿತು.

"ನನ್ನ ಮುಖಾ ನಿಮ್ಮ ಕೈಯಾಗ ಕೊಡೂದಿಲ್ಲ," ಅಂದಳು ಶ್ರೀದೇವಿ. "ಹಾರ ಒಂದ ಬಾಕಿ ಇರತೈತಿ. ನನಗ ಇನ್ನೂ ಭಾಳ ಕೆಲಸ ಅದಾವು."

ಅವನು ಮನೆಗೆ ಬಂದು, ನೆನಪಿನಿಂದಲೇ ಅವಳನ್ನು ಬರೆಯಲು ಕುಳಿತ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಎದುರುಬದುರು ಉಂಡಿದ್ದಾನೆ. ಅವಳ ಯಾವ ಹುಬ್ಬು ಮೇಲೆ, ಮೂಗು ಎಲ್ಲಿ ಮುಗಿಯುತ್ತದೆ, ಒಂದೂ ನೆನಪಿಗೆ ಬರಲಿಲ್ಲ. ಬ್ರೇಕಿನ ತಟ್ಟೆಯನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲವನಿಗೆ ಹೆಂಡತಿಯ ಮುಖ ಬಾರದು. ಅದು ಅವನನ್ನು ಕೊರೆಯತೊಡಗಿತು. ಬೇರೆ ಯಾರನ್ನು ಬರೆಯದಿದ್ದರೂ ಇವಳನ್ನು ಬರೆಯಲೇಬೇಕು ಎಂದು ಹಟ ಹುಟ್ಟಿತು.

ತಿಂಗಳುಗಟ್ಟಲೆ ಕಾಡಿದ ಮೇಲೆ ಶ್ರೀದೇವಿ ಒಂದು ಭಾನುವಾರ ಬಾಲ್ಕನಿಯಲ್ಲಿ ಕರಾರು ಹಾಕಿದಳು. ದಸರೆ ಮುಗಿದ ಮೇಲೆ ಒಂದೇ ಒಂದು ಸಲ ಕೂರುತ್ತಾಳೆ, ಒಂದೇ ಗಂಟೆ. ಚಿತ್ರವನ್ನು ಮೊದಲು ನೋಡಿದವರು, ಯಾರೂ ಹೇಳಿಕೊಡದೆ, ಇದು ಶ್ರೀದೇವಿ ಅನ್ನಬೇಕು. ಅನ್ನದಿದ್ದರೆ ಸ್ಕೆಚ್‌ಬುಕ್ಕುಗಳೆಲ್ಲ ಕೆಳಗಿನ ರದ್ದಿ ಕಾಗದದ ನೀಲಿ ಡಬ್ಬಿಗೆ ಹೋಗಬೇಕು, ಮತ್ತು ಅವನು ಪ್ರತಿ ಭಾನುವಾರ ಅವಳ ನಾರ್ಡಿಕ್ ವಾಕಿಂಗ್ ಗುಂಪಿಗೆ ಬರಬೇಕು. ಅಂದರೆ ಹಿಮವಿಲ್ಲದ ನೆಲದ ಮೇಲೆ ಎರಡು ಕೋಲು ಊರಿಕೊಂಡು, ಹತ್ತು ಮಂದಿ ಜರ್ಮನ್ ಹೆಂಗಸರ ಹಿಂದೆ ನಡೆಯುವುದು. ಹಾಲಸಿದ್ದಪ್ಪ ಆ ಕೋಲುಗಳನ್ನು ನೆನೆದು ನಡುಗಿದ, ಆದರೂ ಒಪ್ಪಿಕೊಂಡ.

ಆ ವಾರವೇ ಊರಿನ ಸಂಜೆ ಶಾಲೆಯಲ್ಲಿ ಮುಖಚಿತ್ರದ ತರಗತಿಗೆ ಸೇರಿದ. ಕಲಿಸುವವಳು ಫ್ರಾವ್ ಕೆಸ್ಲರ್, ನಾಟಕದ ಪರದೆ ಬರೆದು ನಿವೃತ್ತಳಾದವಳು. ಅವಳು ಅವನ ಸ್ಕೆಚ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, ತಾವು ಯಾವ ಸ್ಮಶಾನಕ್ಕೆ ಕೆಲಸ ಮಾಡುತ್ತೀರಿ ಎಂದು ಸೌಜನ್ಯದಿಂದಲೇ ಕೇಳಿದಳು. ಆಮೇಲೆ ಚೌಕಗಳನ್ನು ನಿಷೇಧಿಸಿದಳು.

ಮೊದಲ ಅಭ್ಯಾಸ, ಫೋಟೋವನ್ನು ತಲೆಕೆಳಗಾಗಿ ಇಟ್ಟುಕೊಂಡು ಬರೆಯುವುದು. ಹಾಗಿಟ್ಟರೆ ಇದು ಮೂಗು, ಇದು ಬಾಯಿ ಎಂದು ತಲೆ ತಾನೇ ಊಹಿಸಿಕೊಳ್ಳುವುದಿಲ್ಲ, ಕೈ ಕಂಡ ಗೆರೆಯನ್ನಷ್ಟೇ ಎಳೆಯುತ್ತದೆ. ಹಾಲಸಿದ್ದಪ್ಪ ತನ್ನ ಮೇಲಧಿಕಾರಿಯನ್ನು ಒಂದು ವಾರ ತಲೆಕೆಳಗಾಗಿ ಬರೆದ. ಚಿತ್ರ ತಕ್ಕಮಟ್ಟಿಗೆ ಬಂತು. ಆದರೆ ಆಮೇಲೆ ಮೀಟಿಂಗಿನಲ್ಲಿ ಆ ಮನುಷ್ಯ ಗದ್ದ ಮೇಲಾಗಿ ಮಾತಾಡುತ್ತಿರುವಂತೆ ಕಂಡು, ತಲೆ ವಾಲಿಸಿ ವಾಲಿಸಿ ನೋಡಿ ಇವನ ಕತ್ತು ಉಳುಕಿತು.

ಎರಡನೆಯದು ಅಳತೆ. ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಣೆ ಎಷ್ಟು, ಮೂಗು ಎಷ್ಟು, ಗದ್ದ ಎಷ್ಟು ಎಂದು ಹೆಬ್ಬೆರಳಿನಿಂದ ಗುರುತು ಮಾಡಿಕೊಳ್ಳುವುದು. ಇದು ಎಂಜಿನಿಯರಿಗೆ ಬಹಳ ಹಿಡಿಸಿತು. ಸಾಲಿನಲ್ಲಿ ನಿಂತು ಬೇಕರಿಯ ಹುಡುಗಿಯನ್ನು ಅಳೆದ. ಒಂದು ಕಣ್ಣು ಮುಚ್ಚಿ ತನ್ನನ್ನೇ ನೋಡುವ ಈ ಹಿರಿಯನನ್ನು ಹುಡುಗಿ ಎರಡು ದಿನ ಸಹಿಸಿದಳು. ಮೂರನೆಯ ದಿನ ಕೌಂಟರಿನಲ್ಲಿ ಅವಳ ಅಮ್ಮ ನಿಂತಿದ್ದಳು. ಹಾಲಸಿದ್ದಪ್ಪ ಬ್ರೆಡ್ಡಿಗೆ ಬೇರೆ ಬೇಕರಿ ಹುಡುಕಿಕೊಂಡ.

ಆಮೇಲೆ ನ್ಯೂರ್ನ್‌ಬೆರ್ಗ್ ರೈಲಿನಲ್ಲಿ ಒಂದೊಂದು ನಿಮಿಷದ ಚಿತ್ರಗಳು, ರಬ್ಬರ್ ಮುಟ್ಟುವಂತಿಲ್ಲ. ಕದ್ದು ನೋಡುವ ಕಷ್ಟವೇ ಇರಲಿಲ್ಲ, ಜರ್ಮನರು ತಾವೇ ಅವನನ್ನು ದಿಟ್ಟಿಸುತ್ತ ಕೂತಿದ್ದರು. ಒಬ್ಬ ಮುದುಕಿ ಮಾತ್ರ ಎದ್ದು ಬಂದು ಪುಟ ನೋಡಿ ಮುಖ ಸಿಂಡರಿಸಿದಳು. ಖಾಸಗಿತನದ ಕಾನೂನು ಹೇಳುತ್ತಾಳೆಂದು ಇವನು ಕ್ಷಮಾಪಣೆಯ ಜರ್ಮನ್ ವಾಕ್ಯ ಜೋಡಿಸಿಕೊಳ್ಳುತ್ತಿದ್ದ. ಅವಳ ತಕರಾರು, ಜೊತೆಗಿದ್ದ ತನ್ನ ನಾಯಿಯನ್ನು ಚಿತ್ರದಲ್ಲಿ ಯಾಕೆ ಬಿಟ್ಟಿರಿ ಎಂಬುದಾಗಿತ್ತು.

ಎಲ್ಲಕ್ಕಿಂತ ಕಷ್ಟದ್ದು ಕೊನೆಯದು. ಕಣ್ಣು ಎದುರಿನ ಮುಖದ ಮೇಲಷ್ಟೇ ಇರಬೇಕು, ಹಾಳೆಯನ್ನು ನೋಡುವಂತೆಯೇ ಇಲ್ಲ. ಕಣ್ಣು ಹರಿದ ಹಾಗೆ ಪೆನ್ಸಿಲ್ ಹರಿಯಬೇಕು. ಬ್ರೇಕಿನವನಿಗೆ ಇದು ಕಣ್ಣು ಕಟ್ಟಿಕೊಂಡು ಕಾರು ಬಿಟ್ಟ ಹಾಗೆ. ಅವನು ಬರೆದ ಫ್ರಾವ್ ಕೆಸ್ಲರಳನ್ನು ನೋಡಿ ಭೂಮಿಕಾ, ಇದು ಆಲೂಗಡ್ಡೆಯೇ ಎಂದು ಜರ್ಮನ್‌ನಲ್ಲಿ ಕೇಳಿದಳು. ಆದರೆ ಸ್ವತಃ ಫ್ರಾವ್ ಕೆಸ್ಲರ್ ಆ ಆಲೂಗಡ್ಡೆಯನ್ನು ಬಹಳ ಹೊತ್ತು ನೋಡಿ, ನಿಮ್ಮ ಪುಸ್ತಕದಲ್ಲಿ ಉಸಿರಾಡುತ್ತಿರುವುದು ಇದೊಂದೇ ಅಂದಳು. ಇನ್ನೂ ಒಂದು ಮಾತು ಹೇಳಿದಳು: ಎದುರಿಗೆ ಕೂತವರನ್ನು ಸುಮ್ಮನೆ ಕೂರಲು ಬಿಡಬೇಡಿ, ಮಾತಾಡಿಸಿ.

ದಸರೆ ಮುಗಿಯಿತು. ಗೊತ್ತಾದ ಭಾನುವಾರ ಬೆಳಿಗ್ಗೆ ಶ್ರೀದೇವಿ ಇಳಕಲ್ ಸೀರೆ ಉಟ್ಟು, ತುಟಿಗೆ ಬಣ್ಣ ಹಚ್ಚಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಳು. ತಲೆ ನೆಟ್ಟಗೆ, ಬಾಯಿ ಮುಚ್ಚಿ. ಬಯೋಮೆಟ್ರಿಕ್ ಫೋಟೋ ಸೀರೆ ಉಟ್ಟು ಬಂದ ಹಾಗಿತ್ತು. ಹಾಲಸಿದ್ದಪ್ಪ ಅಳೆದ, ಗೆರೆ ಎಳೆದ, ತಿದ್ದಿದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಾಳೆಯ ಮೇಲಿದ್ದವಳು ತೀರಿಕೊಂಡಾಗಿತ್ತು. ಕೋಲುಗಳ ಟಕಟಕ ಸದ್ದು ಅವನ ಕಿವಿಗೆ ಕೇಳಿಸತೊಡಗಿತು.

ಆಗ ಫ್ರಾವ್ ಕೆಸ್ಲರಳ ಮಾತು ನೆನಪಾಯಿತು. ಶ್ರೀದೇವಿ ಕೆಲಸ ಮಾಡುವುದು ಹಲ್ಲಿನ ದವಾಖಾನೆಯಲ್ಲಿ. ಅಲ್ಲಿ ಡಾಕ್ಟರ ಬೆರಳು ಕಚ್ಚಿದ ರೋಗಿಯೊಬ್ಬನ ಕಥೆಯನ್ನು ಅವಳು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಡಾಕ್ಟರ್ ಬಟ್ಟ ಕಡದಾಂವ, ಆಮ್ಯಾಲೆ ಏನಂದ?" ಎಂದು ಏನೂ ಅರಿಯದವನಂತೆ ಕೇಳಿದ.

"ಏನಂತಾನ? ಬಟ್ಟ ಬಾಯಾಗ ಇಟಗೊಂಡ, ಸಾರಿ ಅಂದ," ಅಂದಳು ಶ್ರೀದೇವಿ. ಅಲ್ಲಿಂದ ಅವಳನ್ನು ತಡೆಯುವವರಿರಲಿಲ್ಲ. ಡಾಕ್ಟರು ಕೂಗಿದ್ದು, ತಾನು ಆ ಮನುಷ್ಯನ ಮೂಗು ಹಿಡಿದದ್ದು, ಅವನು ಹೋಗುವಾಗ ಮುಂದಿನ ಅಪಾಯಿಂಟ್‌ಮೆಂಟ್ ಕೇಳಿದ್ದು. ಎಡ ಹುಬ್ಬು ಮೇಲೆ ಹೋಯಿತು. ಬಾಯಿ ಒಂದು ಕಡೆಗೆ ಎಳೆಯಿತು. ಬೈಗುಳ ಬಂದಲ್ಲೆಲ್ಲ ಗದ್ದ ಮುಂದೆ ಬಂತು. ಹಾಲಸಿದ್ದಪ್ಪ ಸದ್ದಾಗದಂತೆ ಪುಟ ತಿರುಗಿಸಿ, ಹಾಳೆಯನ್ನು ನೋಡದೆ, ಅವಳನ್ನಷ್ಟೇ ನೋಡುತ್ತ ಪೆನ್ಸಿಲ್ ಓಡಿಸಿದ. ಆ ಹುಬ್ಬು ಇಷ್ಟು ವರ್ಷವೂ ಅಲ್ಲೇ ಇತ್ತಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಕಥೆ ಮುಗಿಯುವುದಕ್ಕೂ ಶ್ರೀದೇವಿಯ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ವಿಡಿಯೋದಲ್ಲಿ ಅವಳ ತಾಯಿ ಮಹಾಂತಮ್ಮ. ಧಾರವಾಡದಲ್ಲಿ ಮಗ ಬಸವನ ಮನೆಯನ್ನು ಆಳುತ್ತಿರುವ ಮುದುಕಿ ಪ್ರತಿ ಭಾನುವಾರ ಅಲ್ಲಿನ ಮಧ್ಯಾಹ್ನ ಉಂಡು ಮಲಗುವ ಮುಂಚೆ ಫೋನ್ ಮಾಡುವುದು ವಾಡಿಕೆ. ಅವ್ವನೇ ಮೊದಲು ನೋಡಲಿ, ಹೆತ್ತವಳಿಗಿಂತ ಚೆನ್ನಾಗಿ ಗುರುತು ಹಿಡಿಯುವವರು ಯಾರು ಅಂದಳು ಶ್ರೀದೇವಿ. ಹಾಲಸಿದ್ದಪ್ಪ ಚಿತ್ರವನ್ನು ಫೋನಿನ ಮುಂದೆ ಹಿಡಿದ.

ಮಹಾಂತಮ್ಮ ಚಿತ್ರ ನೋಡಿ, ಮಾತಾಡಲು ಫೋನನ್ನು ಎಷ್ಟು ಹತ್ತಿರ ತಂದರೆಂದರೆ, ಪರದೆಯಲ್ಲಿ ಒಂದು ಕಿವಿ ಮಾತ್ರ ಉಳಿಯಿತು.

"ಅಯ್ಯ ಶಿವನ," ಅಂದಿತು ಕಿವಿ. "ನನ್ನ ಚಿತ್ರಾ ಯಾವಾಗ ತಗದ್ರಿ ಅಳ್ಯಾರ?"

ಕಿವಿ ಇನ್ನೂ ಹತ್ತಿರ ಬಂತು.

"ಥೇಟ್ ನಾನ. ಬಸವಾಗ ಬೈಯೂ ಮುಂದ ಗದ್ದ ಹಿಂಗ ಬರತೈತಿ. ನಾ ಹ್ವಾದ ಮ್ಯಾಲೆ ಇದಕ್ಕ ಹಾರ ಹಾಕ್ರಿ. ಆ ಆಧಾರ್ ಕಾರ್ಡಿನ ಫೋಟೋಕ್ಕ ಹಾಕಬ್ಯಾಡ್ರಿ, ಅದರಾಗ ಈಗ ಸತ್ತಂಗ ಕಾಣತೀನಿ."

"ಅವ್ವಾ, ಅದು ನಾನು," ಅಂದಳು ಶ್ರೀದೇವಿ.

ಕಿವಿ ಹೋಗಿ ಕಣ್ಣು ಬಂತು. ಕಣ್ಣು ಚಿತ್ರವನ್ನು ನೋಡಿತು, ಮಗಳನ್ನು ನೋಡಿತು.

"ಹೌದ?" ಅಂದರು ಮಹಾಂತಮ್ಮ. "ಹಂಗಾರ ನೀನೂ ನನ್ನಂಗ ಆದಿ ಬಿಡು." ಚಿತ್ರವನ್ನು ಪೋಸ್ಟಿನಲ್ಲಿ ಮಡಚದೆ ಕಳಿಸಬೇಕೆಂದು ಅಳಿಯನಿಗೆ ತಾಕೀತು ಮಾಡಿ ಅವರು ಮಲಗಲು ಹೋದರು.

ಪರೀಕ್ಷೆ ಅಂದರೆ ಪರೀಕ್ಷೆ. ಬ್ರೇಕು ನಿಲ್ಲಿಸದಿದ್ದರೆ ನಿಲ್ಲಿಸಲಿಲ್ಲ ಎಂದೇ ಬರೆಯಬೇಕು. ಹಾಲಸಿದ್ದಪ್ಪ ಸ್ಕೆಚ್‌ಬುಕ್ಕುಗಳನ್ನೆಲ್ಲ ಜೋಡಿಸಿ ಎದೆಗೊತ್ತಿಕೊಂಡು ಬಾಗಿಲಿಗೆ ಬಂದ. ಅಲ್ಲಿ ಶ್ರೀದೇವಿ ಕನ್ನಡಿಯ ಮುಂದೆ ನಿಂತು ಎಡ ಹುಬ್ಬು ಏರಿಸಿ ಇಳಿಸುತ್ತಿದ್ದಳು. ಗದ್ದವನ್ನು ಮುಂದೆ ತಂದಳು, ಹಿಂದೆ ಎಳೆದುಕೊಂಡಳು.

"ಎಲ್ಲಿ ಹೊಂಟೀರಿ?"

"ನೀಲಿ ಡಬ್ಬಿಗೆ. ಮಾತಂದ್ರ ಮಾತು."

"ಅವ್ವ ಅದನ್ನ ಗ್ವಾಡೀಗೆ ಹಾಕೂದು ಬಿಡಾಂಗಿಲ್ಲ. ಬೀಗರೆಲ್ಲ ಬಂದು ನೋಡತಾರ." ಅವಳು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ನಂದು ಅಂತ ಒಂದು ಬ್ಯಾರೇನ ಆಗಬೇಕು. ಬರೂ ಐತವಾರ ಮತ್ತ ಕೂಡತೀನಿ. ನಾನ ಅಂತ ಯಾರರ ಅನ್ನೂತನ ತಗೀರಿ."

ಹಾಲಸಿದ್ದಪ್ಪ ಪುಸ್ತಕಗಳನ್ನು ಮೆಲ್ಲಗೆ ಕೆಳಗಿಟ್ಟ.

"ಗದ್ದ ಮಾತ್ರ ಒಳಗ ತಗೋರಿ," ಅಂದಳು.

"ಗದ್ದ ಇದ್ದಲ್ಲೇ ಇರತೈತಿ."

"ಹಂಗಾರ ಕೋಲಿನ ಕರಾರೂ ಇದ್ದಲ್ಲೇ ಇರತೈತಿ."

ಹೀಗಾಗಿ ಮುಂದಿನ ಭಾನುವಾರ, ಶ್ರೀದೇವಿ ಚಿತ್ರಕ್ಕೆ ಕೂರುವ ಮೊದಲು, ರೆಗ್ನಿಟ್ಸ್ ಹೊಳೆಯ ಹುಲ್ಲುಗಾವಲಿನಲ್ಲಿ ಹಾಲಸಿದ್ದಪ್ಪ ಎರಡು ಕೋಲು ಊರುತ್ತ ಹೆಂಗಸರ ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ, ಈ ಕೋಲು ಪೆನ್ಸಿಲಿಗಿಂತ ಉದ್ದ, ನೆಟ್ಟಗೂ ಇದೆ ಎಂದು ಹೊಳೆಯಿತು. ನಿಂತುಕೊಂಡ. ಕೈ ಚಾಚಿ ಕೋಲು ಎತ್ತಿ, ಒಂದು ಕಣ್ಣು ಮುಚ್ಚಿದ. ಮುಂದೆ ಹೋಗಿದ್ದ ಶ್ರೀದೇವಿ ತಿರುಗಿ ನೋಡಿ, ಹತ್ತು ಮಂದಿಯ ಎದುರಿಗೆ ಏನು ಹುಚ್ಚಾಟ ಇದು ಎಂದು ಬೈಯತೊಡಗಿದಳು. ಹಾಲಸಿದ್ದಪ್ಪ ಅವಸರ ಮಾಡದೆ ಕೋಲಿನ ಮೇಲೆ ಹೆಬ್ಬೆರಳು ಸರಿಸಿ ಗುರುತು ಮಾಡಿಕೊಂಡ. ಗದ್ದ ತಾನು ಬರೆದದ್ದಕ್ಕಿಂತ ಇನ್ನೂ ಸ್ವಲ್ಪ ಮುಂದೆಯೇ ಇತ್ತು.