ಬಾಗಿಲ ಪಕ್ಕದ ರಿವೆಟ್ ಸಾಲು

ಅಕ್ಕನ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಹುಣಸೆಬೀಜದಷ್ಟು ಜಡ್ಡು ಕಟ್ಟಿತ್ತು. ಡ್ರಿಲ್ ಹಿಡಿದು ಹಿಡಿದು ಆದದ್ದು. ಹೊರದೇಶದ ಈ ಸಮಾಮಿಶ್ ಊರಿನ ನಮ್ಮ ಕನ್ನಡ ಬಳಗದ ಆಂಟಿಯರು ಹಬ್ಬದ ದಿನ ತಾಂಬೂಲ ಕೊಡುವಾಗ ಅದನ್ನು ನೋಡಿ ‘ಪಾಪ’ ಎನ್ನುತ್ತಿದ್ದರು. ಅಷ್ಟು ಓದಿದ ಹುಡುಗಿ, ಸಾಫ್ಟ್‌ವೇರ್ ಕೆಲಸ ಹೋಯಿತಂತೆ, ಪಾಪ, ಎವರೆಟ್‌ನಲ್ಲಿ ವಿಮಾನದ ಕಾರ್ಖಾನೆಯಲ್ಲಿ ತಗಡಿಗೆ ರಿವೆಟ್ ಮೊಳೆ ಹೊಡೆಯುತ್ತಾಳಂತೆ. ಅವಳು ತೀರಿಕೊಂಡ ಮೇಲೂ ಇದೇ ಕಥೆ ನಡೆಯುತ್ತಿದೆ, ‘ಪಾಪ’ ಮಾತ್ರ ಎರಡು ಸಲ ಬರುತ್ತದೆ.

ನನ್ನ ತಕರಾರು ಇಲ್ಲಿಂದಲೇ ಶುರು. ಈ ಕಥೆಯಲ್ಲಿ ನಿಜವಾದದ್ದು ಎವರೆಟ್ ಮತ್ತು ರಿವೆಟ್, ಅಷ್ಟೇ. ಕೆಲಸ ಹೋಗಿರಲಿಲ್ಲ, ಅವಳೇ ಬಿಟ್ಟಳು. ಎರಡು ವರ್ಷ ಪರದೆಯ ಮುಂದೆ ಕೂತು ಬೇಜಾರಾಗಿ, ಯಾರನ್ನೂ ಕೇಳದೆ ಮೂರು ತಿಂಗಳ ತರಬೇತಿ ಮುಗಿಸಿ, ಒಂದು ದಿನ ಉಕ್ಕಿನ ಮೂತಿಯ ಬೂಟು ಹಾಕಿಕೊಂಡು ಊಟದ ಮೇಜಿಗೆ ಬಂದಳು. ನಾಳೆಯಿಂದ ಬೆಳಗಿನ ಪಾಳಿ, ನಾಲ್ಕೂವರೆಗೆ ಮನೆ ಬಿಡಬೇಕು, ಅಲಾರಂ ಕೇಳಿದರೆ ಬೈಯಬೇಡಿ ಎಂದಳು. ನಮ್ಮ ಮನೆಯಲ್ಲಿ ಆ ವಿಷಯದ ಮೇಲೆ ನಡೆದ ಚರ್ಚೆ ಅಷ್ಟೇ.

ಅಪ್ಪನದು ಇನ್ನೊಂದು ಕಥೆ. ಯಾರಾದರೂ ಕೇಳಿದರೆ ‘ದೊಡ್ಡ ಮಗಳು ಏರೋಸ್ಪೇಸ್ ಇಂಜಿನಿಯರ್’ ಎನ್ನುತ್ತಿದ್ದರು. ಆಂಟಿಯರ ಕಥೆಗಿಂತ ಇದು ಮರ್ಯಾದೆಯದು, ಆದರೆ ಅದರಲ್ಲೂ ಅಕ್ಕ ಇಲ್ಲ.

ನಾನೇನೂ ಸಾಚಾ ಅಲ್ಲ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಮುಗಿದ ಒಂದು ಸಂಜೆ ಅಕ್ಕ ಫ್ಯಾಕ್ಟರಿಯಿಂದ ನೇರವಾಗಿ, ಅದೇ ಜಾಕೆಟ್‌ನಲ್ಲಿ, ನನ್ನನ್ನು ಕರೆದೊಯ್ಯಲು ಬಂದಿದ್ದಳು. ಜೊತೆಯವಳು ‘ಯಾರು ಇವರು?’ ಎಂದಳು. ಆಗಷ್ಟೇ ‘ದುಡಿಮೆಯ ಘನತೆ’ಯ ಪರವಾಗಿ ಮಾತಾಡಿ ಟ್ರೋಫಿ ಗೆದ್ದಿದ್ದ ನಾನು, ‘ಅಕ್ಕ, ಇಂಜಿನಿಯರ್’ ಎಂದೆ. ಅಕ್ಕನಿಗೆ ಕೇಳಿಸಿತು. ಗಾಡಿಯಲ್ಲಿ ಪಕ್ಕದ ಊರು ಇಸ್ಸಾಕ್ವಾ ದಾಟಿದೆವು. ಆಮೇಲೆ ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುತ್ತಲೇ ಹೇಳಿದಳು:

“ಸುಳ್ಳು ಹೇಳೋದಾದ್ರೆ ಸ್ವಲ್ಪ ದೊಡ್ಡದು ಹೇಳೇ. ಪೈಲಟ್ ಅಂದಿದ್ರೆ ನಂಗೂ ಖುಷಿ ಆಗ್ತಿತ್ತು.”

ಆ ಟ್ರೋಫಿ ಈಗಲೂ ನನ್ನ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿಕೊಂಡಿದೆ.

ಐದು ವರ್ಷಕ್ಕೇ ಊರು ಬಿಟ್ಟು ಈ ದೇಶಕ್ಕೆ ಬಂದ ನಾನು ಹೀಗೆ ಕನ್ನಡದಲ್ಲಿ ಬರೆಯುತ್ತಿರುವುದೂ ಅವಳಿಂದಲೇ. ಶನಿವಾರ ಬೆಳಗ್ಗೆ ಅವಳೇ ದೋಸೆ ಹುಯ್ಯುತ್ತಿದ್ದಳು. ಎರಡನೇ ದೋಸೆ ಬೇಕಾದರೆ ಯಾಕೆ ಬೇಕು ಎಂದು ಕನ್ನಡದಲ್ಲಿ ವಾದಿಸಬೇಕು. ಇಂಗ್ಲಿಷ್ ಬಾಯಿಗೆ ಬಂದರೆ ದೋಸೆ ಅವಳ ತಟ್ಟೆಗೆ. ಹಸಿವು ಎಂಬ ಕಾರಣ ಒಂದು ಸಲ ಮಾತ್ರ ನಡೆಯುತ್ತಿತ್ತು. ಮುಂದೆ ಯಾವ ತೀರ್ಪುಗಾರರೂ ನನ್ನನ್ನು ಅಷ್ಟು ಕಾಡಿಲ್ಲ.

ಅವಳ ಬಲಗೈ ತೋರುಬೆರಳಿಗೆ ಮಾತ್ರ ಜಡ್ಡು ಇರಲಿಲ್ಲ. ಅದಕ್ಕೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ರಿವೆಟ್ ಕೂತ ಮೇಲೆ ಅದರ ತಲೆ ತಗಡಿನ ಮಟ್ಟಕ್ಕೆ ಸರಿಯಾಗಿದೆಯೇ ಎಂದು ಮೊದಲು ಬೆರಳು ಆಡಿಸಿ ನೋಡಬೇಕಂತೆ, ಅಳತೆಯ ಉಪಕರಣ ಆಮೇಲೆ. ಆ ಅಭ್ಯಾಸ ಮನೆಗೂ ಬಂತು. ಮೇಜಿನ ಅಂಚು, ಹೊಸ ಲೋಟದ ಬಾಯಿ, ನನ್ನ ಕನ್ನಡಕದ ಕಡ್ಡಿ, ಎಲ್ಲದರ ಮೇಲೂ ಆ ಬೆರಳು ಒಮ್ಮೆ ಓಡುತ್ತಿತ್ತು. ವಿಮಾನ ಹತ್ತುವಾಗಂತೂ ಬಾಗಿಲ ಪಕ್ಕದ ರಿವೆಟ್ ಸಾಲನ್ನು ಮುಟ್ಟದೆ ಒಳಗೆ ಕಾಲಿಡುತ್ತಿರಲಿಲ್ಲ. ದೇವಸ್ಥಾನದ ಹೊಸ್ತಿಲಿಗೂ ಕೈ ಮುಗಿಯದ ನಾನು, ಇದೂ ಭಕ್ತಿಯೇನು ಎಂದು ಕೆಣಕಿದ್ದೆ.

“ಭಕ್ತಿ ನಿಮ್ಮಂಥ ಪ್ಯಾಸೆಂಜರ್‌ಗಳಿಗೆ. ನಾನು ಚೆಕ್ ಮಾಡ್ತಿದೀನಿ,” ಎಂದಳು.

ಅವಳನ್ನು ಅಳೆಯಲು ನನಗೆ ಒಂದು ಭಾನುವಾರದ ಊಟ ಸಾಕು. ಆ ವಾರ ಅವಳ ಕೈಯಲ್ಲಿ ಡ್ರಿಲ್ ಸ್ವಲ್ಪ ವಾಲಿ, ಒಂದು ತೂತು ದುಂಡಗೆ ಬರದೆ ಉದ್ದವಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸ. ರಿವೆಟ್ ಕೂರಿಸಿಬಿಟ್ಟಿದ್ದರೆ ಅದರ ತಲೆಯೇ ತೂತನ್ನು ಮುಚ್ಚಿಬಿಡುತ್ತಿತ್ತು. ಅಕ್ಕ ಅದರ ಪಕ್ಕ ಕೆಂಪು ಟೇಪ್ ಅಂಟಿಸಿ, ಗುಣಮಟ್ಟ ನೋಡುವ ಇನ್ಸ್‌ಪೆಕ್ಟರ್‌ನನ್ನು ಕರೆದು, ತಪ್ಪು ತನ್ನದು ಎಂದು ತನ್ನ ಹೆಸರು ಬರೆಸಿದಳು. ಅರ್ಧ ದಿನ ಆ ಭಾಗದ ಕೆಲಸ ನಿಂತಿತು. ಇದನ್ನೆಲ್ಲ ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

“ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವೇನಮ್ಮ?”

“ನಂಗೆ ಗೊತ್ತಾಗಿತ್ತಲ್ಲ ಅಪ್ಪ.”

ನಾನು ಬಿಡಲಿಲ್ಲ. ಸಾವಿರಾರು ತೂತುಗಳಲ್ಲಿ ಒಂದು, ಅದರಿಂದ ಅಪಾಯವಾಗುವ ಸಾಧ್ಯತೆ ಸೊನ್ನೆಗೆ ಹತ್ತಿರ, ಅರ್ಧ ದಿನದ ನಷ್ಟವಂತೂ ಖಚಿತ ಎಂದು ಬೆರಳು ಮಡಚಿ ಮಡಚಿ ಮಂಡಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ಮಜ್ಜಿಗೆ ಬಡಿಸಿಕೊಂಡು, ನಿಧಾನವಾಗಿ ಹೇಳಿದಳು:

“ನಿನ್ನ ವಾದ ಚೆನ್ನಾಗಿದೆ ಕಣೇ. ಆದ್ರೆ ಅದ್ರೊಳಗೆ ಯಾರೂ ಕೂತಿಲ್ಲ. ನನ್ನ ವಿಮಾನದಲ್ಲಿ ಮುನ್ನೂರು ಜನ ಕೂತಿರ್ತಾರೆ.”

ಅಮ್ಮ ನಕ್ಕುಬಿಟ್ಟರು. ಅಪ್ಪ ನಗಲಿಲ್ಲ. ಎಷ್ಟೋ ಟ್ರೋಫಿ ಗೆದ್ದ ನಾನು ಅಂದು ಸೋತೆ. ಆ ಸೋಲಿನಷ್ಟು ಹೆಮ್ಮೆಯನ್ನು ಯಾವ ಗೆಲುವೂ ತಂದಿಲ್ಲ. ಈಗಲೂ ವಾದ ಕಟ್ಟುವಾಗ ಇದರೊಳಗೆ ಯಾರು ಕೂತಿದ್ದಾರೆ ಎಂದು ಒಮ್ಮೆ ಎಣಿಸಿ ನೋಡುತ್ತೇನೆ.

ಹೋದ ವರ್ಷ ಮಿದುಳಿನಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆ ಸೇರಿದ ಎರಡನೇ ದಿನ ಅಕ್ಕ ಹೋದಳು. ಮೂವತ್ತೆರಡು ವರ್ಷ. ಶ್ರದ್ಧಾಂಜಲಿ ಸಭೆಗೆ ಅವಳ ಪಾಳಿಯ ಹದಿನಾಲ್ಕು ಜನ ಕೆಲಸದ ಜಾಕೆಟ್‌ನಲ್ಲೇ ಬಂದು, ಕುರ್ಚಿ ಖಾಲಿ ಇದ್ದರೂ ಹಿಂದೆ ಗೋಡೆಯ ಬಳಿ ನಿಂತರು. ಅಪ್ಪ ಮೈಕ್ ಹಿಡಿದು, ನನ್ನ ಮಗಳು ಇಂಜಿನಿಯರ್ ಆಗಿದ್ದಳು ಎಂದರು. ಹದಿನಾಲ್ಕು ಜನರಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ. ಸಭೆ ಮುಗಿದ ಮೇಲೆ ಅವರಲ್ಲಿ ಹಿರಿಯಳೊಬ್ಬಳು ಅಪ್ಪನ ಕೈ ಹಿಡಿದು, ತಪ್ಪಾದರೆ ನಮ್ಮದು ಎಂದು ಒಪ್ಪಿಕೊಳ್ಳುವುದನ್ನು ನಮ್ಮಲ್ಲಿ ಅರ್ಧ ಜನಕ್ಕೆ ಕಲಿಸಿದ್ದು ನಿಮ್ಮ ಮಗಳು ಎಂದಳು. ಅಪ್ಪ ಥ್ಯಾಂಕ್ಸ್ ಹೇಳಿ, ಊಟ ಮಾಡಿಕೊಂಡು ಹೋಗಿ ಎಂದರು. ಬಳಗದ ಯಾರಿಗೂ ಅವರನ್ನು ಪರಿಚಯಿಸಲಿಲ್ಲ.

ನಾಳೆ ಆ ಸಭೆಗೆ ಒಂದು ವರ್ಷ. ಅದೇ ಹಾಲ್, ಅದೇ ಬಳಗ. ಆ ಹದಿನಾಲ್ಕು ಜನರನ್ನು ಈ ಸಲ ನಾನೇ ಕರೆದಿದ್ದೇನೆ, ಮುಂದಿನ ಸಾಲಿಗೆ. ಅಪ್ಪ ಓದಲಿರುವ ಹಾಳೆ ಊಟದ ಮೇಜಿನ ಮೇಲಿದೆ. ಎರಡನೇ ಸಾಲಿನಲ್ಲಿ ಮತ್ತೆ ‘ಇಂಜಿನಿಯರ್’.

ಅಪ್ಪನಿಗೆ ಅವಳ ಕೆಲಸದ ಬಗ್ಗೆ ನಾಚಿಕೆ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ವಾದಕ್ಕೆ ಬೇಕಾದ ಸಾಕ್ಷಿಯೆಲ್ಲ ನನ್ನ ಬಳಿ ಇತ್ತು. ಆದರೆ ಕಳೆದ ತಿಂಗಳು ಅಜ್ಜಿಯನ್ನು ನೋಡಲು ಮೈಸೂರಿಗೆ ಹೊರಟಾಗ, ವಿಮಾನದ ಬಾಗಿಲ ಬಳಿ ಅಪ್ಪ ನನ್ನ ಮುಂದೆ ಇದ್ದರು. ಚೀಲವನ್ನು ಎಡಗೈಗೆ ದಾಟಿಸಿ, ಬಲಗೈ ತೋರುಬೆರಳನ್ನು ಬಾಗಿಲ ಪಕ್ಕದ ರಿವೆಟ್ ಸಾಲಿನ ಮೇಲೆ ಒಂದು ಗೇಣುದ್ದ, ಮೆಲ್ಲಗೆ, ಎಳೆದರು. ಹಿಂದಿನವರು ಕಾಯುತ್ತಿದ್ದರು. ಅಪ್ಪ ಅವಸರ ಮಾಡಲಿಲ್ಲ. ದಾರಿಯುದ್ದಕ್ಕೂ ಪಕ್ಕದಲ್ಲೇ ಕೂತಿದ್ದೆ, ಕೇಳುವ ಧೈರ್ಯ ಬರಲಿಲ್ಲ.

ಈಗ ಮೇಜಿನ ಆ ಕಡೆ ಅಪ್ಪ ಕೂತಿದ್ದಾರೆ. ಹಾಳೆಯನ್ನು ಅವರ ಕಡೆಗೆ ತಿರುಗಿಸಿ, ಪೆನ್ನು ಆ ಎರಡನೇ ಸಾಲಿನ ಮೇಲಿಟ್ಟು, ಕೇಳಿದ್ದೇನೆ:

“ಅಪ್ಪಾ, ಅವತ್ತು ವಿಮಾನ ಹತ್ತೋವಾಗ ನೀವು ಮುಟ್ಟಿ ನೋಡಿದ್ದು ಯಾರ ಕೆಲಸಾನ?”