ಪ್ರಾರ್ಥನೆಗೆ ಮುಂಚಿನ ಹತ್ತು ನಿಮಿಷ

ನಮ್ಮವ್ವ ಓದಿದವಳಲ್ಲ. ವೇದಪುಸ್ತಕವನ್ನು ನಾನು ಓದಿ ಹೇಳಬೇಕಿತ್ತು, ಅವಳು ಕೇಳುತ್ತಿದ್ದಳು. ಆದರೆ ಪ್ರಾರ್ಥನೆಗೆ ಕೂರುವುದನ್ನು ನನಗೆ ಕಲಿಸಿದವಳು ಅವಳೇ.

"ಬಾಯಿ ತೆಗಿಯಾಕೆ ಮುಂಚೆ ಒಂದತ್ತು ನಿಮಿಷ ಸುಮ್ಕೆ ಕೂತ್ಕೊ ಮಗ. ಯಾರ ಮೇಲೆ ಕ್ವಾಪ ಐತೆ, ಯಾರ್ಗೆ ಏನ್ ತಪ್ಪು ಮಾಡಿದೀಯ, ಎಲ್ಲಾ ಮ್ಯಾಕೆ ಬರ್ಲಿ. ಅದನ್ನ ಮೊದ್ಲು ದೇವ್ರ ಮುಂದೆ ಇಡು. ಆಮ್ಯಾಕೆ ಬೇಕಾದ್ದು ಕೇಳು."

ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆ ಸೇರಿದ ಮೇಲೂ ಈ ರೂಢಿಯನ್ನು ನಾನು ಬಿಟ್ಟಿರಲಿಲ್ಲ. ಬಿಟ್ಟದ್ದು ತೊಂಬತ್ತರ ದಶಕದಲ್ಲಿ, ಹೆಬ್ಬಗೋಡಿಯಲ್ಲಿದ್ದಾಗ. ಏಕೆ ಬಿಟ್ಟೆ ಎಂಬುದನ್ನು ನಮ್ಮ ಚರ್ಚಿನ ಸಭೆಯವರಿಗೂ ನಾನು ಹೇಳಿದ್ದಿಲ್ಲ. ಈಗ ಬರೆಯುತ್ತಿದ್ದೇನೆ.

ಆಗ ನಾವಿದ್ದದ್ದು ಸಾಲಾಗಿ ಆರು ಶೀಟಿನ ಮನೆಗಳಿದ್ದ ಒಂದು ವಠಾರದಲ್ಲಿ. ಮನೆಗೂ ಮನೆಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಪಕ್ಕದ ಮನೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬಾತ ಹೆಂಡತಿಯೊಂದಿಗೆ ಇದ್ದ. ನಮ್ಮ ವರ್ಕ್‌ಶಾಪಿನಲ್ಲೇ ಕಬ್ಬಿಣ ಕಡೆಯುವ ಲೇತ್ ಯಂತ್ರದ ಆಪರೇಟರ್. ಖಾಯಂ ಅಲ್ಲ, ಟೆಂಪರರಿ. ನಾನು ಅಲ್ಲಿ ಇನ್‌ಸ್ಪೆಕ್ಷನ್ ಕೆಲಸದವನು. ಬೆಳಿಗ್ಗೆ ಐದಕ್ಕೆ ನಾನು ಚಾಪೆ ಹಾಸಿ ಪ್ರಾರ್ಥನೆ ಮಾಡುವುದು ಅವನಿಗೆ ಕೇಳುತ್ತಿತ್ತು. "ನನಗ ಅಲಾರಾಂ ಬ್ಯಾಡ್ರಿ. ನಿಮ್ಮ ಆಮೆನ್ ಕೇಳಿದ್ರ ಎದ್ದು ಬಿಡ್ತೀನಿ," ಎಂದು ಬಸ್ಸಿನಲ್ಲಿ ನಗುತ್ತಿದ್ದ.

ನಮ್ಮಲ್ಲೊಂದು ಕ್ರಮವಿತ್ತು. ಶಿಫ್ಟ್ ಶುರುವಾದಾಗ ಆಪರೇಟರ್ ಮೊದಲ ಪೀಸ್ ಮಾಡಿ ನನಗೆ ತಂದು ಕೊಡಬೇಕು. ನಾನು ಸೂಕ್ಷ್ಮ ದಪ್ಪ ಅಳೆಯುವ ಮೈಕ್ರೋಮೀಟರಿನಲ್ಲಿ ಅಳೆದು ಸಹಿ ಹಾಕಿದ ಮೇಲೆ ಉಳಿದದ್ದನ್ನು ಅವನು ಓಡಿಸಬೇಕು. ಅಳೆಯುವ ಮುಂಚೆ ನಾನು ಮಾಡಬೇಕಾದ್ದೂ ಒಂದಿತ್ತು: ಮೈಕ್ರೋಮೀಟರಿನ ಎರಡು ಮುಖ ಒರೆಸಿ, ಮುಚ್ಚಿ, ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದು. ಅರ್ಧ ನಿಮಿಷದ ಕೆಲಸ. ಆ ದಿನ ಬಸ್ಸು ತಡವಾಗಿತ್ತು, ಸೂಪರ್‌ವೈಸರ್ ಗೊಣಗುತ್ತಿದ್ದ. ಸೊನ್ನೆ ನೋಡದೆ ಪಕ್ಕದ ಮನೆಯವನ ಮೊದಲ ಪೀಸ್ ಅಳೆದೆ, ಸಹಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ, ಅವನು ಬೆಳಿಗ್ಗೆಯಿಂದ ಮಾಡಿದ ಇಡೀ ಲಾಟಿನ ಪಿನ್ನುಗಳು ಸಣ್ಣವಾಗಿವೆ ಎಂದು ಗೊತ್ತಾಯಿತು. ಕೂದಲೆಳೆಯಷ್ಟು ವ್ಯತ್ಯಾಸ; ಅವನ ಕೈಲಿದ್ದ ಹಳೆಯ ವರ್ನಿಯರ್ ಅಳತೆಪಟ್ಟಿಗೆ ಅದು ಸಿಗುವಂಥದ್ದಲ್ಲ. ಹೆಚ್ಚು ಕಡೆದು ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಎಲ್ಲವೂ ಗುಜರಿಗೇ. ನಾನು ಯಾರೂ ನೋಡದಂತೆ ಮೈಕ್ರೋಮೀಟರ್ ಮುಚ್ಚಿ ನೋಡಿದೆ. ಸೊನ್ನೆ ಸರಿದಿತ್ತು, ಸಣ್ಣ ಪೀಸನ್ನೂ ಅದು ಸರಿ ಎಂದೇ ತೋರಿಸಿತ್ತು. ಅದರ ಪುಟ್ಟ ಕೀಲಿಯಿಂದ ಸರಿ ಮಾಡಿ ಪೆಟ್ಟಿಗೆಯಲ್ಲಿಟ್ಟೆ.

ಸೂಪರ್‌ವೈಸರ್ ಬಂದು ಕೇಳಿದ, "ಫಸ್ಟ್ ಪೀಸ್ ಸರಿ ಇತ್ತೇನ್ರೀ?"

"ಸರಿ ಇತ್ತು ಸಾರ್. ಆಮೇಲೆ ಟೂಲ್ ಸರಿದಿರ್ಬೇಕು."

ಅಷ್ಟೇ ಹೇಳಿದ್ದು, ತಪ್ಪು ಆಪರೇಟರನ ತಲೆಗೆ ಬಂತು. ಮಾರನೆಯ ದಿನದಿಂದ ಬರಬೇಡ ಎಂದು ಅವನಿಗೆ ಹೇಳಿದರು. ಅವನು ನನ್ನ ಕಡೆ ನೋಡಿದ. ನಾನು ರಿಜಿಸ್ಟರ್ ತಿರುವುತ್ತಿದ್ದೆ.

ಮರುದಿನ ಐದಕ್ಕೆ ಚಾಪೆ ಹಾಸಿ ಸುಮ್ಮನೆ ಕೂತೆ. ಅವ್ವ ಹೇಳಿದ್ದಂತೆ ಮೇಲೆ ಬಂತು, ಅವನು ನೋಡಿದ ನೋಟ. ಅದನ್ನು ದೇವರ ಮುಂದೆ ಇಟ್ಟರೆ ಆಮೇಲೆ ಎದ್ದು ಹೋಗಿ ಸೂಪರ್‌ವೈಸರನ ಮುಂದೆಯೂ ಇಡಬೇಕಾಗುತ್ತದೆ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಕೂಡಲೇ ಜೋರಾಗಿ ಸ್ತೋತ್ರ ಶುರು ಮಾಡಿದೆ. ಅಂದಿನಿಂದ ಆ ಹತ್ತು ನಿಮಿಷ ನಿಂತುಹೋಯಿತು. ಮಾತಿಗೆ ಮಾತು ಪೋಣಿಸಿ, ನಡುವೆ ಉಸಿರಿಗೂ ಜಾಗ ಬಿಡದೆ ಪ್ರಾರ್ಥಿಸುವುದನ್ನು ಕಲಿತೆ.

ನನ್ನ ಹೆಂಡತಿಗೆ ಏನೂ ತಿಳಿಯದು. ಆದರೂ ಒಂದು ದಿನ ಅಂದಳು, "ಏನ್ರೀ ಇದು, ಚಾಪೆ ಹಾಸೋದೇ ತಡ ಶುರು ಹಚ್ಕೊಂಡ್ಬಿಡ್ತೀರ? ದೇವ್ರೇನು ಹೊಸೂರು ರೋಡ್ ಬಸ್ಸಾ, ಬಿಟ್ಟು ಹೋಗೋಕೆ?"

"ಕೆಲಸಕ್ಕೆ ಹೊತ್ತಾಗುತ್ತೆ ಕಣೆ," ಅಂದೆ.

ಪಕ್ಕದವನು ದಿನಾ ಕೆಲಸ ಹುಡುಕುತ್ತಿದ್ದ. ಹೋದಲ್ಲೆಲ್ಲ ಹಿಂದೆ ಎಲ್ಲಿದ್ದೆ ಎಂದು ಕೇಳಿ ನಮ್ಮ ಶಾಪಿಗೆ ಫೋನು ಮಾಡುತ್ತಿದ್ದರು. ಲಾಟ್ ಕೆಡಿಸಿದವನು ಎಂದು ನಮ್ಮವರು ಹೇಳುತ್ತಿದ್ದರು. ಹೀಗೆ ಒಂದು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ನಾನು ಚಾಪೆ ಹಾಸುವ ಹೊತ್ತಿಗೆ ಬಾಗಿಲು ತಟ್ಟಿದ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ.

"ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ದೇವ್ರಿಗಿ ನಾ ಕೇಳೇ ಕೇಳೀನಿ. ನೀವೂ ನಿಮ್ಮ ದೇವ್ರಿಗಿ ನನ್ನ ಸಲುವಾಗಿ ಒಂದು ಮಾತು ಹೇಳ್ರಿ. ನೀವು ಅಷ್ಟು ಮನಸಿಟ್ಟು ಬೇಡ್ಕೋತೀರಿ, ದಿನಾ ಕೇಳ್ತೀನಿ ನಾ."

ಆಗಲ್ಲ ಅನ್ನಲು ಬಾಯಿ ಬರಲಿಲ್ಲ, ನಿಜ ಹೇಳಲೂ ಬರಲಿಲ್ಲ. ಅವನು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೈಮುಗಿದು ಕೂತ. ನಾನು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಅನ್ಯಾಯಕ್ಕೊಳಗಾದವರ ಕೈ ಬಿಡಬೇಡ ಕರ್ತನೇ ಎಂದೂ ಹೇಳಿದೆ. ದನಿ ನಡುಗಲಿಲ್ಲ. ಕಣ್ಣು ಬಿಟ್ಟಾಗ ಅವನು ಅಳುತ್ತಿದ್ದ. ಆಮೇಲೆ ಅವನ ಹೆಂಡತಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟಳು. ಅದನ್ನೂ ತಿಂದೆ.

ನನ್ನ ಬದುಕಿನಲ್ಲಿ ಬೇರೆ ಪಾಪಗಳೂ ಇವೆ. ಆದರೆ ಆ ಪ್ರಾರ್ಥನೆಯಷ್ಟು ದೊಡ್ಡದು ಯಾವುದೂ ಇಲ್ಲ.

ಅದಾದ ಮೇಲೆ ನನಗೆ ಪ್ರಾರ್ಥನೆ ಬರುವುದೇ ನಿಂತಿತು. ಚಾಪೆಯ ಮೇಲೆ ಬಾಯಿ ತೆರೆದರೆ ಶಬ್ದಗಳು ಬರುತ್ತಿದ್ದವು, ಯಾರೋ ಬೇರೆಯವರು ಓದುತ್ತಿರುವಂತೆ ಕೇಳುತ್ತಿದ್ದವು. ನಾಲ್ಕನೆಯ ದಿನ ತಡೆಯಲಾರದೆ ಸೂಪರ್‌ವೈಸರನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ.

ಅವನು ಚಹಾ ಲೋಟ ಕೆಳಗಿಟ್ಟ. "ಆ ಪಿನ್ನು ಈಗಾಗ್ಲೇ ಕರಗಿ ಬೇರೆ ಏನೋ ಆಗಿರುತ್ತೆ. ನೀವ್ಯಾಕ್ರೀ ಈಗ ಕೆದಕ್ತೀರ? ಮೇಲಿನವರಿಗೆ ಹೇಳಿದ್ರೆ ನಿಮ್ಮ ಕೆಲ್ಸಾನೂ ಹೋಗುತ್ತೆ, ನಂಗೂ ಮೆಮೋ ಬರುತ್ತೆ. ಹೋಗಿ, ಕೆಲ್ಸ ನೋಡಿ."

"ಫೋನ್ ಬಂದಾಗಾದ್ರೂ ಅವನ ಬಗ್ಗೆ..."

"ನೋಡೋಣ ಹೋಗ್ರೀ."

ನಾನು ಮ್ಯಾನೇಜರ್ ಬಾಗಿಲಿನವರೆಗೆ ಹೋಗಬಹುದಿತ್ತು. ಹೋಗಲಿಲ್ಲ. ಕೆಲಸ ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವಾಗಿತ್ತು. ಅದನ್ನು ಇಲ್ಲಿ ಮುಚ್ಚಿಡಬಾರದು.

ಸಂಜೆ ವಠಾರಕ್ಕೆ ಬಂದರೆ ಅವರು ಮನೆ ಖಾಲಿ ಮಾಡುತ್ತಿದ್ದರು. ಪೀಣ್ಯದ ಕಡೆ ಒಂದು ಕಟ್ಟಡದಲ್ಲಿ ಕಾಂಕ್ರೀಟ್ ಕೆಲಸ ಸಿಕ್ಕಿತ್ತು. ಲೇತ್ ಹಿಡಿದ ಕೈಗೆ ಈಗ ಕಾಂಕ್ರೀಟ್ ಬಾಣಲಿ. ಅವನು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ: ಸೊನ್ನೆ ನೋಡದೆ ಇದ್ದದ್ದು, ಸುಳ್ಳು ಹೇಳಿದ್ದು, ಈ ಹೊತ್ತು ಸೂಪರ್‌ವೈಸರ್ ಅಂದದ್ದು.

ಅವನ ಕೈ ನಿಂತಿತು. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಅವನು ಕೇಳಿದ್ದು ಬೇರೆಯೇ.

"ಅವತ್ತು ನನ್ನ ತಲಿ ಮ್ಯಾಲ ಕೈ ಇಟ್ಟು ಬೇಡ್ಕೊಂಡ್ರಲ್ಲ, ಆಗ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಹಂಗಾರ ಆ ಮಾತು ಯಾರಿಗೆ ಹೋತ್ರಿ?"

ಅವನು ಹಗ್ಗದ ಗಂಟು ಹಾಕಿ, ಟ್ರಂಕ್ ಹೆಗಲಿಗೇರಿಸಿ ನಡೆದ. ಅವನ ಹೆಂಡತಿ ನನ್ನತ್ತ ನೋಡದೆ ದಾಟಿಹೋದಳು. ನಾನು ಕ್ಷಮೆಯನ್ನೂ ಕೇಳಿರಲಿಲ್ಲ. ಆಮೇಲೆ ಎರಡು ಭಾನುವಾರ ಆರಾಧನೆ ಮುಗಿಸಿ ಪೀಣ್ಯಕ್ಕೆ ಹೋಗಿ ಹುಡುಕಿದೆ. ಅಲ್ಲಿ ಕಟ್ಟುತ್ತಿದ್ದ ಕಟ್ಟಡಗಳು ಎಷ್ಟೋ. ಅವನು ಸಿಗಲಿಲ್ಲ.

ನಾನು ಅದೇ ಶಾಪಿನಲ್ಲಿ ರಿಟೈರ್ ಆದೆ. ಹಾರ ಹಾಕಿ ಪ್ರಾಮಾಣಿಕ ನೌಕರ ಎಂದರು.

ಈಗಲೂ ಐದಕ್ಕೆ ಏಳುತ್ತೇನೆ. ಮಂಡಿ ಬಗ್ಗದ ಕಾರಣ ಕುರ್ಚಿಯಲ್ಲಿ ಕೂರುತ್ತೇನೆ. ಕಣ್ಣು ಮುಚ್ಚಿದರೆ ಮೊದಲು ಬರುವುದು ಅವನ ಪ್ರಶ್ನೆ. ಅದನ್ನು ದಾಟಿ ಮುಂದೆ ಹೋಗುವ ಧೈರ್ಯ ನನಗಿಲ್ಲ, ಈಗ ಹಾಗೆ ದಾಟಲು ಪ್ರಯತ್ನಿಸುವುದೂ ಇಲ್ಲ. ಅದನ್ನೇ ದೇವರ ಮುಂದೆ ಇಟ್ಟುಕೊಂಡು ಕೂರುತ್ತೇನೆ. ಕೆಲವು ದಿನ ಹತ್ತು ನಿಮಿಷದ ಮೇಲೆ ಒಂದೆರಡು ಮಾತು ಬರುತ್ತವೆ. ಕೆಲವು ದಿನ ಏನೂ ಬರುವುದಿಲ್ಲ, ಬೆಳಕು ಹರಿಯುತ್ತದೆ, ಹೆಂಡತಿ ಕಾಫಿ ತಂದಿಡುತ್ತಾಳೆ.

"ಆಯ್ತಾ ಪ್ರಾರ್ಥನೆ?" ಅನ್ನುತ್ತಾಳೆ.

"ಇನ್ನೂ ಇಲ್ಲ ಕಣೆ," ಅನ್ನುತ್ತೇನೆ.