ಊಟದ ಮೇಜಿನ ಮೇಲಿನ ಬಸ್ಸು

ಗಿಡ್ಡ ಬೆರಳುಗಳು, ಊದಿದ ಗೆಣ್ಣುಗಳು, ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ಪುಡಿ. ಅವರ ಬಲಗೈ ಹೀಗಿತ್ತು. ಶಾಲೆಯಿಂದ ನಿವೃತ್ತರಾಗಿದ್ದರೂ ಆ ಪುಡಿ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲ ಮೇಲೂ ಲೆಕ್ಕ ಬರೆಯುವ ಹೆಂಗಸು ಅವರು. ಆ ಕೈಯನ್ನು ಊಟದ ಮೇಜಿನ ಮೇಲೆ ಮಗುಚಿ ಇಟ್ಟರೆಂದರೆ ಅದು ಬಸ್ಸು. ಮೆಲ್ಲಗೆ ಹೊರಟು, ಜೋರಾಗಿ, ಇನ್ನೂ ಜೋರಾಗಿ ಉಪ್ಪಿನಕಾಯಿ ಜಾಡಿಯವರೆಗೆ ಓಡುತ್ತಿತ್ತು. "ಈಗ ಹೇಳು, ಯಾವ ಕಡೆ ಹೋಗ್ತಿದೆ? ಜೋರಾಗ್ತಿದೆಯೋ, ನಿಧಾನ ಆಗ್ತಿದೆಯೋ?" ಇದಕ್ಕೆ ಉತ್ತರ ಹೇಳುವ ತನಕ ನಾವು ಪೆನ್ನು ಮುಟ್ಟುವಂತಿರಲಿಲ್ಲ.

ದಿಲ್ಲಿ ಪಕ್ಕದ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳೆಲ್ಲ ಅವರನ್ನು ಫಿಸಿಕ್ಸ್ ಆಂಟಿ ಎನ್ನುತ್ತಿದ್ದರು. ಗಂಡ ಹೆಂಡತಿ ಕೊಡಗಿನವರು. ಅಂಕಲ್ ಸೇನೆಯಿಂದ ನಿವೃತ್ತರಾದ ಮೇಲೆ ಇಲ್ಲೇ ಉಳಿದುಬಿಟ್ಟಿದ್ದರು. ನಮ್ಮ ಮನೆಯ ಮೇಲಿನ ಮನೆ ಅವರದು. ನನ್ನಪ್ಪ ಕೇಂದ್ರ ಸರ್ಕಾರದ ಗುಮಾಸ್ತ. ವರ್ಗವಾದಾಗ, ತುಮಕೂರಿನಲ್ಲಿ ಹತ್ತನೆಯ ತನಕ ಕನ್ನಡದಲ್ಲೇ ಓದಿದ್ದ ನನ್ನನ್ನು ತಂದು ಇಲ್ಲಿಯ ಹನ್ನೊಂದನೇ ಕ್ಲಾಸಿಗೆ ನೂಕಿದರು. ಇಂಗ್ಲಿಷ್ ಪಾಠ, ಹಿಂದಿ ಹರಟೆ, ನನ್ನ ತಲೆಗೆ ಒಂದಕ್ಷರ ಹೋಗಲಿಲ್ಲ. ಫಿಸಿಕ್ಸಿನಲ್ಲಿ ಫೇಲಾದೆ. ಬೇಸಿಗೆ ರಜೆ ಮುಗಿಯುತ್ತಲೇ ಮರುಪರೀಕ್ಷೆ. "ಪಾಸಾದ್ರೆ ಸೈನ್ಸು. ಇಲ್ದಿದ್ರೆ ಕಾಮರ್ಸ್ ತಗೊಂಡು ಸುಮ್ನಿರು," ಎಂದರು ಅಪ್ಪ. ಸೈನ್ಸ್ ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ. ಅತ್ತು ಅತ್ತು ಮುಖ ಊದಿಸಿಕೊಂಡಿದ್ದ ನನ್ನನ್ನು ಅಮ್ಮ ಮೇಲಿನ ಮನೆಗೆ ಎಳೆದುಕೊಂಡು ಹೋದಳು.

ಆಂಟಿ ಪುಸ್ತಕ ತೆರೆದು ಒಂದು ಲೆಕ್ಕ ತೋರಿಸಿದರು. ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಹೋಗುತ್ತಿರುವ ಬಸ್ಸಿಗೆ ಬ್ರೇಕ್ ಹಾಕುತ್ತಾರೆ. ಪ್ರತಿ ಸೆಕೆಂಡಿಗೆ ವೇಗ ನಾಲ್ಕು ಮೀಟರಿನಷ್ಟು ಇಳಿಯುತ್ತದೆ. ಐದು ಸೆಕೆಂಡಾದ ಮೇಲೆ ವೇಗವೆಷ್ಟು? ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಇಂಗ್ಲಿಷ್ ವಾಕ್ಯವನ್ನು ಓದುವ ಗೋಜಿಗೆ ಹೋಗದೆ ಅಂಕಿಗಳನ್ನಷ್ಟೇ ಆರಿಸಿ, ಬಾಯಿಪಾಠ ಮಾಡಿದ ಸೂತ್ರಕ್ಕೆ ತುರುಕಿ, ಕೂಡಿ, ನಲವತ್ತು ಎಂದೆ.

ಆಂಟಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ತಿ! ಬ್ರೇಕ್ ಹಾಕಿದ್ರೆ ನಿನ್ನ ಬಸ್ಸು ಎರಡರಷ್ಟು ಜೋರಾಗಿ ಓಡ್ತಿದೆಯಲ್ಲೇ! ರಿಂಗ್ ರೋಡಲ್ಲಿ ಹೀಗೆ ಓಡಿಸಿದ್ರೆ ಆ ಡ್ರೈವರ್ ಭಯ್ಯಾನ ಜನ ಸುಮ್ನೆ ಬಿಡ್ತಾರಾ?"

ನನಗೆ ನಗು ತಡೆಯಲಾಗಲಿಲ್ಲ. ದಿಲ್ಲಿ ಕಡೆ ಬಂದಮೇಲೆ ತಪ್ಪು ಮಾಡಿ ನಕ್ಕಿದ್ದು ಅದೇ ಮೊದಲು. ಆಮೇಲೆ ಅವರು ಕನ್ನಡದಲ್ಲೇ ಹೇಳಿಕೊಟ್ಟರು. ವೇಗೋತ್ಕರ್ಷ ಎಂದರೆ ವೇಗ ಬದಲಾಗುವ ದರ, ಅಷ್ಟೇ. ಬಸ್ಸು ಹೋಗುವ ದಿಕ್ಕಿಗೆ ಅದು ಎದುರಾಗಿದ್ದರೆ ಕಳೆಯಬೇಕು. ನಾಲ್ಕೈದ್ಲ ಇಪ್ಪತ್ತು, ಇಪ್ಪತ್ತರಲ್ಲಿ ಇಪ್ಪತ್ತು ಹೋದರೆ ಸೊನ್ನೆ. "ನಿಂತಿತಾ? ಅಚ್ಛಾ, ಎಲ್ಲರೂ ಇಳ್ಕೊಳ್ಳಿ," ಎಂದು ಕೈಯೆತ್ತಿ ನನ್ನ ತಲೆಗೆ ಮೊಟಕಿದರು.

ಅವರಿಗೆ ಗಂಟಲಿನ ಕ್ಯಾನ್ಸರ್ ಇತ್ತು. ಮೊದಲು ದನಿ ಒಡೆಯಿತು, ಬರಬರುತ್ತಾ ಪಿಸುಮಾತಷ್ಟೇ ಉಳಿಯಿತು. ಪಾಠ ಮಾತ್ರ ನಿಲ್ಲಲಿಲ್ಲ. ಅವರು ಕೈ ಓಡಿಸುವುದು, ನಾನು ಬಾಯಿಬಿಟ್ಟು ಹೇಳುವುದು: "ನಿಂತಲ್ಲಿಂದ ಹೊರಟಿತು. ವೇಗ ಒಂದೇ ಸಮ ಏರ್ತಿದೆ. ಈಗ ಬ್ರೇಕ್." ತಪ್ಪಿದರೆ ಮೇಜಿಗೆ ಒಂದು ಕುಟ್ಟು. ಸರಿಯಾದರೆ ಹುಬ್ಬು ಮೇಲೇರುತ್ತಿತ್ತು. ಕೂರಲಾಗದೆ ಮಂಚ ಹಿಡಿದ ಮೇಲೆ ಬಸ್ಸು ಹೊದಿಕೆಯ ಮೇಲೆ ಓಡತೊಡಗಿತು. ಅಂಕಲ್ ಬಾಗಿಲಿಗೆ ಬಂದು, "ಸಾಕು ಮಗಾ, ಆಂಟಿಗೆ ಸುಸ್ತಾಗತ್ತೆ," ಎಂದರೆ ಆಂಟಿ ಮಂಚ ಕುಟ್ಟಿ ಅವರನ್ನೇ ಹೊರಗಟ್ಟುತ್ತಿದ್ದರು. ಇಂಥ ಹಟ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಪರೀಕ್ಷೆಯ ಹಿಂದಿನ ದಿನ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ಪೇಪರ್ ಕೊಟ್ಟ ತಕ್ಷಣ ಬರೀಬೇಡ. ಮೊದ್ಲು ಬಸ್ಸು ಓಡ್ಸು."

"ಮುಗಿಸಿ ಸೀದಾ ಇಲ್ಲಿಗೇ ಬರ್ತೀನಿ ಆಂಟಿ," ಎಂದೆ.

ಮರುದಿನ ಬೆಳಿಗ್ಗೆ ಅಮ್ಮ ಮೊಸರು ಸಕ್ಕರೆ ಕೈಗಿಟ್ಟಳು, ಮುಖ ಕೊಟ್ಟು ಮಾತಾಡಲಿಲ್ಲ. ಮೇಲೆ ಹೋಗಿ ಆಂಟಿಗೆ ನಮಸ್ಕಾರ ಮಾಡಿ ಬರುತ್ತೇನೆ ಎಂದದ್ದಕ್ಕೆ, "ಮಲಗಿದಾರೆ, ಎಬ್ಬಿಸಬೇಡ," ಎಂದು ಬಾಗಿಲಿಗೆ ಅಡ್ಡ ನಿಂತಳು. ಪರೀಕ್ಷೆಯಲ್ಲಿ ಡೆಸ್ಕಿನ ಮೇಲೆ ಕೈ ಮಗುಚಿ ಓಡಿಸುತ್ತಿದ್ದ ನನ್ನನ್ನು ಕಂಡು ಮೇಲ್ವಿಚಾರಕಿ ಹತ್ತಿರ ಬಂದು ನಿಂತರು. ಹೆದರಲಿಲ್ಲ. ಒಂದೂ ಬಿಡದೆ ಎಲ್ಲ ಲೆಕ್ಕ ಮಾಡಿದೆ. ಆಂಟಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ, ನಗುನಗುತ್ತಾ ಗೇಟಿನಿಂದ ಹೊರಬಂದೆ.

ಗೇಟಿನ ಬಳಿ ಅಪ್ಪ ನಿಂತಿದ್ದರು, ಆಫೀಸಿನ ಹೊತ್ತಿನಲ್ಲಿ. "ಅಪ್ಪಾ, ಎಲ್ಲಾ ಬಂತು!" ಎಂದೆ. ಅವರು ನನ್ನ ಚೀಲ ತೆಗೆದುಕೊಂಡು ಆಟೋ ಹತ್ತಿಸಿದರು. ಸ್ವಲ್ಪ ದೂರ ಹೋದಮೇಲೆ ಹೇಳಿದರು. "ಆಂಟಿ ಹೋಗ್ಬಿಟ್ರಮ್ಮ, ಬೆಳಗಿನ ಜಾವಾನೇ. ಪರೀಕ್ಷೆ ಮುಗಿಯೋ ತನಕ ನಿನಗೆ ಹೇಳಬಾರ್ದು ಅಂತ ಅವರೇ ನಿಮ್ಮಮ್ಮನ ಹತ್ರ ಮಾತು ತಗೊಂಡಿದ್ರು."

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅಪ್ಪನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆಂಟಿಯ ಮೇಲೆ. ಒಂದು ಸಲ ಮುಖ ನೋಡುವುದನ್ನೂ ತಪ್ಪಿಸಿಬಿಟ್ಟರಲ್ಲ! ಯಾವ ಸೀಮೆಯ ಪರೀಕ್ಷೆ ಅದು! ಪಾಸಾದೆ, ಸೈನ್ಸೇ ಓದಿದೆ, ಇವತ್ತು ಅದರ ಅನ್ನವನ್ನೇ ಉಣ್ಣುತ್ತಿದ್ದೇನೆ. ಆದರೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ನಾವು ಸ್ಮಶಾನ ಮುಟ್ಟುವಾಗ ಚಿತೆ ಹೊತ್ತಿ ಬಹಳ ಹೊತ್ತಾಗಿತ್ತು. ಉರಿಬಿಸಿಲಿನಲ್ಲಿ ಅಂಕಲ್ ಒಬ್ಬರೇ ಮುಂದೆ ನೆಟ್ಟಗೆ ನಿಂತಿದ್ದರು. ನನ್ನನ್ನು ಕಂಡವರೇ ಕೇಳಿದರು, "ಪೇಪರ್ ಹೇಗಾಯ್ತು ಮಗಾ?"

"ಚೆನ್ನಾಗಾಯ್ತು ಅಂಕಲ್. ಎಲ್ಲಾ ಬರೆದೆ."

ಅವರು ತಲೆಯಾಡಿಸಿ ಚಿತೆಯ ಕಡೆ ತಿರುಗಿದರು. ಗಂಡ ಹೆಂಡತಿ ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಕೊಡವ ಭಾಷೆಯಲ್ಲಿ, ಒಳಕೋಣೆಯಲ್ಲಿರುವವರಿಗೆ ಕೂಗಿ ಹೇಳುವ ಹಾಗೆ, ಏನೋ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ. ನನ್ನ ಹೆಸರು, 'ಪೇಪರ್' ಎಂಬ ಮಾತು, ಇವೆರಡೇ ನನಗೆ ತಿಳಿದದ್ದು.